ಫೈರ್‌ರೆಡ್‌ಗೆ "ಹೊಸ ಬ್ಯಾಟರಿ ಹಾಕಿದೆ" ಅಂತ ಬರೆದಿದ್ರೆ ಅಲ್ಲೇ ಬಿಟ್ಟುಬಿಡಿ

ಹಳೇ ಗೇಮ್‌ಬಾಯ್ ಅಡ್ವಾನ್ಸ್ (ನಿಂಟೆಂಡೊದ ಕೈಯಲ್ಲಿ ಹಿಡಿದು ಆಡೋ ಗೇಮ್ ಮೆಷಿನ್) ಕಾರ್ಟ್ರಿಜ್, ಅಂದ್ರೆ ಗೇಮ್ ಇರೋ ಪುಟ್ಟ ಡಬ್ಬಿ, ಸೆಕೆಂಡ್ ಹ್ಯಾಂಡ್ ತಗೊಳ್ಳೋ ಯೋಚನೆ ಇರೋರು, ಅದ್ರಲ್ಲೂ ಪೋಕೆಮಾನ್ ಅನ್ನೋ ಜೀವಿಗಳನ್ನ ಹಿಡಿದು ಕಾದಾಡಿಸೋ ಗೇಮ್‌ಗಳಾದ ಪೋಕೆಮಾನ್ ಫೈರ್‌ರೆಡ್ ಇಲ್ಲಾ ಲೀಫ್‌ಗ್ರೀನ್ ಹುಡುಕ್ತಾ ಇರೋರು, ಒಂದೈದು ನಿಮಿಷ ಇದನ್ನ ಓದಿ ಆಮೇಲೆ ದುಡ್ಡು ಕಳಿಸಿ. ನಾನು ಓದ್ದೇ ಕಳಿಸಿದೆ. 38 ಗಂಟೆ ಆಡಿದ ಗೇಮ್ ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತು, ದುಡ್ಡೂ ವಾಪಸ್ ಬರ್ಲಿಲ್ಲ.

ಮೊದ್ಲಿಂದ ಹೇಳ್ತೀನಿ. 1996ರ ರೆಡ್ ಮತ್ತು ಗ್ರೀನ್ ಗೇಮ್‌ಗಳನ್ನ 2004ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್‌ಗೆ ಅಂತ ಹೊಸದಾಗಿ ಕಟ್ಟಿ ಬಿಟ್ಟಿದ್ದೇ ಈ ಫೈರ್‌ರೆಡ್, ಲೀಫ್‌ಗ್ರೀನ್. ನಾನು ಇವನ್ನ ಎಮ್ಯುಲೇಟರ್‌ನಲ್ಲಿ (ಹಳೇ ಗೇಮ್‌ನ ಬೇರೆ ಮೆಷಿನ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಅರ್ಧಂಬರ್ಧ ಆಡಿದ್ದೆ ಅಷ್ಟೇ, ನಿಜವಾದ ಕಾರ್ಟ್ರಿಜ್ ಹಾಕಿ ಕೊನೇವರೆಗೂ ಆಡ್ಬೇಕು, ಆಮೇಲೆ ನಿಂಟೆಂಡೊದ ಮುಂದಿನ ಮೆಷಿನ್ ಡಿಎಸ್ ಲೈಟ್‌ನಲ್ಲಿ ಕೆಳಗಡೆ ಇದನ್ನ, ಮೇಲ್ಗಡೆ ಪ್ಲಾಟಿನಮ್ ಅನ್ನೋ ಡಿಎಸ್ ಪೋಕೆಮಾನ್ ಗೇಮ್ ಹಾಕಿ ನನ್ನ ಚಾರಿಜಾರ್ಡ್‌ನ (ಚಾರ್ಮ್ಯಾಂಡರ್ ಬೆಳೆದು ಆಗೋ ಪೋಕೆಮಾನ್) ಪಾಲ್ ಪಾರ್ಕ್‌ಗೆ, ಅಂದ್ರೆ ಹಳೇ ಗೇಮ್‌ನ ಪೋಕೆಮಾನ್ ಬಂದಿಳಿಯೋ ಜಾಗಕ್ಕೆ, ಕಳಿಸ್ಬೇಕು ಅನ್ನೋದು ಎಷ್ಟೋ ವರ್ಷದ ಆಸೆ. ಆನ್‌ಲೈನಲ್ಲಿ ಒಬ್ಬ ಮಾರ್ತಾ ಇದ್ದ. ಮುಂಭಾಗದ್ದು ಒಂದೇ ಒಂದು ಫೋಟೋ, ಪಳಪಳ ಹೊಳೀತಿತ್ತು, ಕೆಳಗೆ ಬರೆದಿದ್ದು ಇಷ್ಟು: ಒರಿಜಿನಲ್, ಟೆಸ್ಟ್ ಮಾಡಿದೆ, ಹೊಸ ಸೇವ್ ಬ್ಯಾಟರಿ ಹಾಕಿದೆ.

ನಾನು ಆ ಕೊನೇ ಮಾತಿಗೇ ಬಿದ್ದೆ. ಪರವಾಗಿಲ್ವೇ, ಜವಾಬ್ದಾರಿ ಇರೋ ಮನುಷ್ಯ, ಬ್ಯಾಟರಿ ಸಮೇತ ಹೊಸದು ಹಾಕಿ ಕೊಡ್ತಿದಾನೆ ಅಂದ್ಕೊಂಡೆ. ಕಳ್ಳ ತನ್ನ ಕಳ್ಳತನಾನ ತಾನೇ ಬರೆದು ಮುಂದೆ ಇಟ್ಟಿದ್ದ, ನಾನು ಅದನ್ನ ಗ್ಯಾರಂಟಿ ಕಾರ್ಡ್ ತರ ಓದ್ಕೊಂಡೆ! ಯಾಕೆ ಅಂತ ಮುಂದೆ ಬರುತ್ತೆ.

ಗೇಮ್ ಬಂತು, ಹಾಕಿದೆ, ಆನ್ ಆಯ್ತು, ಮ್ಯೂಸಿಕ್ ಬಂತು, ಸೇವ್ ಮಾಡಿ ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಸೇವ್ ಇತ್ತು. ಸರಿ ಮುಗೀತು, ಅಸಲಿನೇ ಅಂತ ನಾನೇ ಸರ್ಟಿಫಿಕೇಟ್ ಕೊಟ್ಕೊಂಡೆ. ಬಹಳ ಜನ ಮಾಡೋ ಟೆಸ್ಟ್ ಇದೇನೇ, ಇದು ಸಾಲಲ್ಲ, ನಕಲಿ ಕಾರ್ಟ್ರಿಜ್ ಕೂಡ ಇದ್ರಲ್ಲಿ ಆರಾಮಾಗಿ ಪಾಸಾಗುತ್ತೆ.

ಆಮೇಲಿನ ಒಂದೂವರೆ ತಿಂಗಳು, ಸುಳ್ಳು ಯಾಕೆ ಹೇಳ್ಲಿ, ಸಖತ್ತಾಗಿತ್ತು. ಶುರುನಲ್ಲಿ ಆರಿಸ್ಕೊಳ್ಳೋ ಪೋಕೆಮಾನ್ ಆಗಿ ಚಾರ್ಮ್ಯಾಂಡರ್ ತಗೊಂಡೆ, ಹಳೇ ರೆಡ್‌ನಲ್ಲಿ ಮೊದಲನೇ ಜಿಮ್ ಲೀಡರ್ ಬ್ರಾಕ್ ಮುಂದೆ ಚಾರ್ಮ್ಯಾಂಡರ್ ಇಟ್ಕೊಂಡೋರ ಪಾಡು ನಾಯಿಪಾಡು, ಇದ್ರಲ್ಲಿ 13ನೇ ಲೆವೆಲ್‌ಗೆ ಮೆಟಲ್ ಕ್ಲಾ ಅನ್ನೋ ಏಟು ಕಲಿಯುತ್ತೆ ಹಾಗಾಗಿ ಬಚಾವ್. ನಾಲ್ಕು ದಿನ ಬಿಟ್ಟು ಗೇಮ್ ಹಾಕಿದ್ರೂ ನೀನು ಕೊನೇಲಿ ಏನೇನು ಮಾಡಿದ್ದೆ ಅಂತ ಹಳೇ ಫೋಟೋ ತರ ಬಣ್ಣ ಇಲ್ದೇ ತೋರಿಸುತ್ತಲ್ಲ, ಕೆಲಸಕ್ಕೆ ಹೋಗೋರಿಗೆ ಅಂತಾನೇ ಯಾರೋ ಪುಣ್ಯಾತ್ಮ ಮಾಡಿಟ್ಟಿದ್ದು ಅನ್ಸುತ್ತೆ. ಸಿನ್ನಬಾರ್ ಊರಿನ ಜಿಮ್ ಮುಗಿಸಿದ ಮೇಲೆ ಬಿಲ್ ಅನ್ನೋ ಪಾತ್ರ ಬಂದು ಸೆವಿ ದ್ವೀಪಗಳಿಗೆ ಕರ್ಕೊಂಡು ಹೋಗ್ತಾನೆ, ಅದು ಹಳೇ ಗೇಮ್‌ನಲ್ಲಿ ಇರ್ಲೇ ಇಲ್ಲ. ಹಳೇದ್ರಲ್ಲಿ ವಿಕ್ಟರಿ ರೋಡ್‌ನಲ್ಲಿ ಕೂತಿದ್ದ ಅಪರೂಪದ ಹಕ್ಕಿ ಪೋಕೆಮಾನ್ ಮೊಲ್ಟ್ರೆಸ್ ಇಲ್ಲಿ ಒನ್ ಐಲ್ಯಾಂಡ್‌ನ ಮೌಂಟ್ ಎಂಬರ್ ಮೇಲೆ ಸಿಗುತ್ತೆ. ಆರ್ಟಿಕುನೋ, ಝ್ಯಾಪ್ಡಾಸ್ ಜೊತೆ ಅದನ್ನೂ ಹಿಡಿದೆ, ಮೂರನ್ನೂ ಅಲ್ಟ್ರಾ ಬಾಲ್‌ನಲ್ಲೇ, ಯಾಕಂದ್ರೆ ಎಂಥಾ ಪೋಕೆಮಾನ್‌ನಾದ್ರೂ ತಪ್ಪದೇ ಹಿಡಿಯೋ ಇರೋ ಒಂದು ಮಾಸ್ಟರ್ ಬಾಲ್‌ನ ಭಾರೀ ಬಲದ ಮ್ಯೂಟೂಗೆ ಅಂತ ಮುಚ್ಚಿಟ್ಟಿದ್ದೆ.

ಪೋಕೆಡೆಕ್ಸ್‌ನಲ್ಲಿ (ಹಿಡಿದ ಪೋಕೆಮಾನ್‌ಗಳ ಪಟ್ಟಿ) 63 ಜಾತಿ ಆಗಿತ್ತು. ಕೊನೇ ಬ್ಯಾಟಲ್ ಗೆದ್ದಾದ ಮೇಲೆ 60 ಜಾತಿ ಹಿಡಿದಿದ್ರೆ ಪ್ರೊಫೆಸರ್ ಓಕ್ ದೊಡ್ಡ ಪಟ್ಟಿ, ನ್ಯಾಷನಲ್ ಡೆಕ್ಸ್, ಕೊಡ್ತಾರೆ, ಅದು ಸಿಕ್ಕಿದ್ರೇನೇ ಉಳಿದ ದ್ವೀಪಗಳು, ಸೆವಿ ದ್ವೀಪಗಳಿಂದ ರೂಬಿ ಸಫೈರ್ ಎರಡು ಕಲ್ಲು ತಂದು ಮೆಷಿನ್ ಸರಿ ಮಾಡ್ಸಿದ್ರೇನೇ ಸೆರುಲಿಯನ್ ಗುಹೆ ಓಪನ್ನು, ಅಲ್ಲಿ ಮ್ಯೂಟೂ. ಎಲ್ಲಾ ಲೆಕ್ಕ ಹಾಕಿಟ್ಟಿದ್ದೆ ಮಾರಾಯ್ರೆ.

ಒಂದು ರಾತ್ರಿ ಎಲೀಟ್ ಫೋರ್‌ಗೆ, ಅಂದ್ರೆ ಗೇಮ್‌ನ ಕೊನೇ ನಾಲ್ಕು ಗಟ್ಟಿ ಎದುರಾಳಿಗಳ ಹತ್ರ, ಹೋದೆ. ಲಾರೆಲೈ, ಬ್ರೂನೋ, ಅಗಾಥಾ, ಲ್ಯಾನ್ಸ್, ನಾಲ್ಕೂ ಜನ ಆಯ್ತು, ಕೊನೆಗೆ ನಮ್ಮ ರೈವಲ್, ಶುರುವಿಂದ ಪೈಪೋಟಿಗೆ ಬೀಳೋ ಹುಡುಗ. ಅವನ 63ನೇ ಲೆವೆಲ್ ಬ್ಲಾಸ್ಟಾಯ್ಸ್ ನನ್ನ ಚಾರಿಜಾರ್ಡ್‌ನ ಒಂದೇ ಏಟಿಗೆ ಮಲಗಿಸ್ತು, ಕೊನೇಗೆ ಝ್ಯಾಪ್ಡಾಸ್ ಕಾಪಾಡ್ತು. ಎದ್ದು ನಿಂತು ಕುಣಿದೆ ನಾನು. ಓಕ್ ಬಂದ್ರು, ಗೆದ್ದೋರ ದಾಖಲೆ ಇಡೋ ಹಾಲ್ ಆಫ್ ಫೇಮ್‌ಗೆ ಕರ್ಕೊಂಡ್ ಹೋದ್ರು, ಒಂದೊಂದೇ ಬಾಲ್ ಮೆಷಿನ್ ಮೇಲೆ ಇಟ್ರು, ಸೇವ್ ಆಗ್ತಿದೆ ಪವರ್ ಆಫ್ ಮಾಡ್ಬೇಡ ಅಂತ ಬಂತು, ನಾನು ಉಸಿರು ಬಿಗಿ ಹಿಡ್ಕೊಂಡು ಅಲ್ಲಾಡ್ದೇ ಕೂತಿದ್ದೆ, ಹೆಸರುಗಳೆಲ್ಲ ಓಡಿದ್ವು, ದಿ ಎಂಡ್ ಬಂತು, ಬಟನ್ ಒತ್ತಿದೆ, ಟೈಟಲ್ ಬಂತು, ಸ್ಟಾರ್ಟ್ ಒತ್ತಿದೆ.

ನ್ಯೂ ಗೇಮ್. ಅಷ್ಟೇ. ಮೇಲೆ ಇರ್ಬೇಕಾಗಿದ್ದ ಕಂಟಿನ್ಯೂ ಇಲ್ವೇ ಇಲ್ಲ.

ಆಫ್ ಮಾಡಿ ಆನ್ ಮಾಡಿದೆ, ತೆಗೆದು ಒರೆಸಿ ಹಾಕಿದೆ, ಬೇರೆ ಡಿಎಸ್‌ಗೆ ಹಾಕಿದೆ, ಎಲ್ಲಾ ಕಡೆ ಅದೇ ನ್ಯೂ ಗೇಮ್. ಅಸಲಿ ಕಾರ್ಟ್ರಿಜ್ ಆಗಿದ್ರೆ ಆ ಹೊತ್ತಿಗೆ ಗೇಮ್ ಶುರುವಾಗೋ ಪ್ಯಾಲೆಟ್ ಟೌನ್‌ನಲ್ಲಿ ನಿಂತಿರ್ಬೇಕಿತ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ನಗ್ತೀರಿ, ನಗಿ ಪರವಾಗಿಲ್ಲ.

ಮಾರಿದವನಿಗೆ ಮೆಸೇಜ್ ಹಾಕಿದೆ. ಬಂದ ಉತ್ತರ, ಬ್ಯಾಟರಿ ಲೂಸ್ ಆಗಿರುತ್ತೆ ಬ್ರದರ್, ಬೇರೆ ಹಾಕ್ಸಿ, ನಾನು ಕೊಡುವಾಗ ಚೆನ್ನಾಗೇ ಇತ್ತು. ರಿಟರ್ನ್ ಮಾಡೋ ದಿನ ಎಲ್ಲಾ ಯಾವತ್ತೋ ಮುಗಿದಿತ್ತು. ಈ ಮೋಸದ ಮಜಾ ಇರೋದೇ ಇಲ್ಲಿ ನೋಡಿ, ಮುರಿದ ಸಾಮಾನಾದ್ರೆ ಅವತ್ತೇ ಗೊತ್ತಾಗುತ್ತೆ ವಾಪಸ್ ಕಳಿಸ್ಬಹುದು, ಇದು ನೀವು ತಿಂಗಳುಗಟ್ಟಲೆ ಆಡಿ ಕೊನೇ ಮೆಟ್ಟಿಲಿಗೆ ಬರೋವರೆಗೂ ಒಳ್ಳೆ ಮಗು ತರ ಇರುತ್ತೆ, ಅಷ್ಟೊತ್ತಿಗೆ ಕೇಳೋಕೆ ನಿಮಗೆ ದಾರಿ ಇರಲ್ಲ. ಎರಡನೇ ಮೆಸೇಜ್‌ಗೆ ಬ್ಲಾಕ್ ಮಾಡ್ದ.

ಸರಿ ಬ್ಯಾಟರಿನೇ ನೋಡೋಣ ಅಂತ ಬಿಚ್ಚಿದೆ. ನಿಂಟೆಂಡೊ ಕಾರ್ಟ್ರಿಜ್‌ಗೆ ಹಿಂದುಗಡೆ ಮೂರು ಕಾಲಿನ ವಿಚಿತ್ರ ಸ್ಕ್ರೂ ಇರುತ್ತೆ, ಅದಕ್ಕೆ ಬೇರೇನೇ ಡ್ರೈವರ್ ಬೇಕು. ನಂದರಲ್ಲಿ ಇದ್ದಿದ್ದು ಮಾಮೂಲಿ ಪ್ಲಸ್ ಸ್ಕ್ರೂ! ಒಂದೂವರೆ ತಿಂಗಳು ಕೈಯಲ್ಲಿ ಹಿಡ್ಕೊಂಡಿದ್ದೆ, ಒಂದ್ಸಲ ತಿರುಗಿಸಿ ನೋಡಿರ್ಲಿಲ್ಲ. ಒಳಗಡೆ ಚಿಪ್ ಕಾಲುಗಳು ಕಾಣೋ ಬದ್ಲು ಡಾಂಬರು ಸುರಿದ ಹಾಗೆ ಒಂದು ಕಪ್ಪು ಉಂಡೆ, ಪಕ್ಕದಲ್ಲಿ ಒಂದು ಬಿಲ್ಲೆ ಬ್ಯಾಟರಿ, ಬೆಸುಗೆ ನೋಡಿದ್ರೆ ಕಣ್ಣು ಮುಚ್ಕೊಂಡು ಹಾಕಿದಾರೆ ಅನ್ಬೇಕು.

ಈಗ ಮುಖ್ಯ ವಿಷ್ಯ. ಅಸಲಿ ಫೈರ್‌ರೆಡ್, ಲೀಫ್‌ಗ್ರೀನ್ ಒಳಗೆ ಬ್ಯಾಟರಿನೇ ಇರಲ್ಲ. ಸೇವ್ ಕೂರೋದು 128 ಕಿಲೋಬೈಟ್ ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಕರೆಂಟ್ ಬೇಡ. ನಮ್ಮ ತಲೇಲಿ ಈ ಬ್ಯಾಟರಿ ಗೊಂದಲ ಇರೋದಕ್ಕೂ ಕಾರಣ ಇದೆ: 1996ರ ಹಳೇ ಗೇಮ್‌ಗಳಲ್ಲಿ, 1999ರ ಗೋಲ್ಡ್ ಸಿಲ್ವರ್‌ನಲ್ಲಿ ಸೇವ್ ನಿಜಕ್ಕೂ ಬ್ಯಾಟರಿ ಮೇಲೇ ನಿಂತಿತ್ತು, ಬ್ಯಾಟರಿ ಸತ್ರೆ ಸೇವೂ ಸತ್ತ ಹಾಗೆ. ಗೋಲ್ಡ್ ಸಿಲ್ವರ್‌ನಲ್ಲಿ ಗಡಿಯಾರ ಬೇರೆ ಅದೇ ಬ್ಯಾಟರಿ ಕುಡೀತಿತ್ತು, ಹಂಗಾಗಿ ಬೇಗ ಸಾಯೋದು. ಗೇಮ್‌ಬಾಯ್ ಅಡ್ವಾನ್ಸ್‌ನ ರೂಬಿ, ಸಫೈರ್, ಎಮರಾಲ್ಡ್‌ನಲ್ಲೂ ಬ್ಯಾಟರಿ ಇದೆ, ಆದ್ರೆ ಅದು ಬರೀ ಗಡಿಯಾರಕ್ಕೆ. ಅದು ಖಾಲಿಯಾದ್ರೆ ಶುರುನಲ್ಲೇ ಬ್ಯಾಟರಿ ಮುಗಿದಿದೆ ಅಂತ ಮೆಸೇಜ್ ಬರುತ್ತೆ, ಬೆರ್ರಿ ಬೆಳೆಯಲ್ಲ, ಟೈಮ್‌ಗೆ ಸಂಬಂಧಪಟ್ಟಿದ್ದು ನಡೆಯಲ್ಲ, ಸೇವ್ ಮಾತ್ರ ಗಟ್ಟಿ. ಅಂದ್ರೆ ಎಮರಾಲ್ಡ್‌ಗೆ ಹೊಸ ಬ್ಯಾಟರಿ ಹಾಕಿದೆ ಅಂದ್ರೆ ಆಗಿರ್ಬಹುದಾದ ಮಾತು, ಫೈರ್‌ರೆಡ್‌ಗೆ ಹಾಕಿದೆ ಅಂದ್ರೆ ಎಲ್ಲಿಗೆ ಹಾಕ್ದ? ಜಾಗನೇ ಇಲ್ವಲ್ಲ!

ಸರಿ ಸೇವ್ ಅಷ್ಟು ದಿನ ಇದ್ದಿದ್ದು ಅವತ್ತೇ ಯಾಕೆ ಹೋಯ್ತು ಅಂದ್ರೆ, ಈ ಗೇಮ್ ಸೇವ್‌ನ ಎರಡು ಪ್ರತಿ ಇಟ್ಕೊಳುತ್ತೆ, ಒಂದ್ಸಲ ಇಲ್ಲಿ ಒಂದ್ಸಲ ಅಲ್ಲಿ ಬರೆಯುತ್ತೆ, ಇವೆರಡೂ ಆದ್ಮೇಲೆ ಕೊನೇಲಿ ಹಾಲ್ ಆಫ್ ಫೇಮ್‌ಗೆ ಅಂತ ಬೇರೆ ಜಾಗ. ನಕಲಿ ಮಾಡೋರು ಅಗ್ಗದ ಮೆಮೊರಿ ಹಾಕಿ ಗೇಮ್‌ನ ಒಳಗಿನ ಸೇವ್ ವ್ಯವಸ್ಥೆನ ಅದಕ್ಕೆ ಒಗ್ಗೋ ಹಾಗೆ ತೇಪೆ ಹಾಕಿರ್ತಾರೆ. ದಿನಾ ಮಾಡೋ ಸೇವ್ ಆ ತೇಪೆ ಮೇಲೆ ನಡೆದುಹೋಗುತ್ತೆ, ಹಾಲ್ ಆಫ್ ಫೇಮ್ ಬರೆಯೋ ಹೊತ್ತಿಗೆ ಎಡವುತ್ತೆ. ನನ್ನೊಬ್ಬನ ಕತೆ ಅಲ್ಲ ಇದು, ನಕಲಿ ತಗೊಂಡು ಎಲೀಟ್ ಫೋರ್ ಆದ್ಮೇಲೆ ಸೇವ್ ಕಳ್ಕೊಂಡೋರು ಬೇಕಾದಷ್ಟು ಜನ ಇದಾರೆ. ಇನ್ನು ಕೆಲವು ನಕಲಿಗಳು ಶುರುವಿನಲ್ಲೇ "1ಎಂ ಸಬ್ ಸರ್ಕ್ಯೂಟ್ ಬೋರ್ಡ್ ಇಲ್ಲ" ಅಂತ ಇಂಗ್ಲಿಷಲ್ಲಿ ಮೆಸೇಜ್ ತೋರಿಸ್ತಾವೆ, ಗೇಮ್‌ಗೆ ತನ್ನ ಫ್ಲ್ಯಾಶ್ ಚಿಪ್ ಸಿಗ್ಲಿಲ್ಲ ಅಂತ ಅರ್ಥ. ಆ ನಕಲಿ ಸಿಕ್ಕಿದೋರು ಅದೃಷ್ಟವಂತರು, ಮೊದಲ ದಿನವೇ ಬಣ್ಣ ಬಯಲು.

ತಗೊಳ್ಳೋ ಮುಂಚೆ ಏನು ನೋಡ್ಬೇಕು ಅಂದ್ರೆ, ಮಾರೋವನ ಹತ್ರ ಹಿಂಭಾಗದ ಫೋಟೋ, ಕೆಳಗಡೆ ಕನೆಕ್ಟರ್ ಫೋಟೋ, ಸಾಧ್ಯ ಆದ್ರೆ ಬಿಚ್ಚಿದ ಬೋರ್ಡ್ ಫೋಟೋ ಕೇಳಿ. ಅಸಲಿದ್ರಲ್ಲಿ ಚಿನ್ನದ ಬಣ್ಣದ ಪಟ್ಟಿಗಳ ಮೇಲ್ಗಡೆ ಬೋರ್ಡ್ ಮೇಲೆ ನಿಂಟೆಂಡೊ ಅಂತ ಸಣ್ಣಕೆ ಅಚ್ಚಾಗಿರೋದು ಹೊರಗಿಂದಾನೇ ಕಾಣುತ್ತೆ. ಮುಂದಿನ ಲೇಬಲ್‌ನ ಬೆಳಕಿಗೆ ಓರೆ ಹಿಡಿದು ನೋಡಿದ್ರೆ ಸಾಮಾನ್ಯವಾಗಿ ಎರಡು ಅಂಕಿ ಒತ್ತಿದ ಹಾಗೆ ಗುರುತು ಇರುತ್ತೆ, ಇಂಕಲ್ಲ, ತಗ್ಗು. ಅಮೆರಿಕದ ಫೈರ್‌ರೆಡ್ ಆದ್ರೆ ಲೇಬಲ್ ಮೇಲೆ ಎಜಿಬಿ-ಬಿಪಿಆರ್‌ಇ-ಯುಎಸ್‌ಎ ಅಂತ ಕೋಡ್ ಇರ್ಬೇಕು, ನಕಲಿಗಳಲ್ಲಿ ಎಷ್ಟೋ ಸಲ ಬೇರೆ ಯಾವುದೋ ಗೇಮ್‌ನ ಕೋಡ್ ಅಂಟ್ಸಿರ್ತಾರೆ. ಇವುಗಳಲ್ಲಿ ಒಂದೊಂದನ್ನೇ ನಂಬಿಕೊಂಡು ಕೂರ್ಬೇಡಿ, ಲೇಬಲ್ ನಕಲು ಮಾಡೋದು ದಿನೇ ದಿನೇ ಚೆನ್ನಾಗ್ತಾ ಇದೆ, ಸುಳ್ಳು ಹೇಳದೇ ಇರೋದು ಒಳಗಿನ ಬೋರ್ಡ್ ಒಂದೇ. ಬಿಚ್ಚಿ ಫೋಟೋ ಕಳಿಸಲ್ಲ ಅಂದ್ರೆ ಮುಂದೆ ಹೋಗಿ, ಜಗಳ ಬೇಡ. ಇನ್ನೊಂದು, ಗೇಮ್ ಸಿಕ್ಕಿದ ದಿನವೇ ಡಿಎಸ್‌ನಲ್ಲಿ ಪ್ಲಾಟಿನಮ್ ತರದ್ದು ಇರೋರು ಮೇನ್ ಮೆನುನಲ್ಲಿ ಫೈರ್‌ರೆಡ್‌ನ ಗುರುತಿಸ್ತಾ ಇದ್ಯಾ ನೋಡ್ಕೊಳಿ, ಎಷ್ಟೋ ನಕಲಿಗಳು ಅಲ್ಲಿ ಸಿಕ್ಕಿಬೀಳ್ತಾವೆ. ನಾನು ಅದನ್ನ ಗೇಮ್ ಮುಗಿದ ಮೇಲೆ ನೋಡೋಣ ಅಂತ ಬಿಟ್ಟಿದ್ದೆ, ಬುದ್ಧಿವಂತ.

ಇಷ್ಟಾದ್ಮೇಲೆ ಭಯ ಹತ್ಕೊಂಡು ಕಪಾಟಲ್ಲಿದ್ದ ಹಾರ್ಟ್‌ಗೋಲ್ಡ್‌ನೂ ಎಳೆದು ನೋಡಿದೆ. ಅದು 2009ರಲ್ಲಿ ಬಂದ ಗೋಲ್ಡ್‌ನ ರಿಮೇಕು, ಜೇಬಲ್ಲಿ ಇಟ್ಕೊಂಡು ನಡೆಯೋ ಪೋಕೆವಾಕರ್ ಜೊತೆ ಮಾತಾಡೋಕೆ ಕಾರ್ಟ್ರಿಜ್ ಒಳಗೇ ಇನ್‌ಫ್ರಾರೆಡ್ ಇದೆ, ಅದಕ್ಕೇ ಆ ಪ್ಲಾಸ್ಟಿಕ್ ಬೇರೆ ಡಿಎಸ್ ಗೇಮ್ ತರ ಬೂದು ಅಲ್ಲ, ಕಪ್ಪು, ಜೋರು ಬೆಳಕಿಗೆ ಅಡ್ಡ ಹಿಡಿದ್ರೆ ಕೆಂಪಗೆ ಹಾಯುತ್ತೆ. ನಂದು ಕೆಂಪಗೆ ಕಂಡಿತು, ಹೋದ ಜೀವ ಬಂತು. ಬೂದು ಬಣ್ಣದ ಹಾರ್ಟ್‌ಗೋಲ್ಡ್ ಯಾರಾದ್ರೂ ತೋರಿಸಿದ್ರೆ ಮಾತೇ ಬೇಡ.

ಈಗ ಎರಡನೇ ಸಲ ತಗೊಂಡಿದೀನಿ, ಈ ಸಲ ಬೋರ್ಡ್ ಫೋಟೋ ನೋಡಿ, ಮೂರು ಕಾಲಿನ ಡ್ರೈವರ್ ತಗೊಂಡು ನಾನೇ ಬಿಚ್ಚಿ ಬ್ಯಾಟರಿ ಇಲ್ಲ ಅಂತ ಕಣ್ಣಾರೆ ನೋಡಿ ಆಮೇಲೆ ಆನ್ ಮಾಡಿದ್ದು. ಚಾರ್ಮ್ಯಾಂಡರ್ ಮುಟ್ಟೋಕೆ ಮನಸ್ಸಾಗ್ಲಿಲ್ಲ, ಬಲ್ಬಸಾರ್ ತಗೊಂಡೆ, ಹಾಗಾಗಿ ಕೊನೇಲಿ ಊರೂರು ಅಲೆಯೋದು ಎಂಟೇ (Entei) ಅನ್ನೋ ಪೋಕೆಮಾನ್. ಅದು ರೋರ್ ಅನ್ನೋ ಮೂವ್ ಹೊಡೆದು ಓಡಿಹೋದ್ರೆ ಆ ಗೇಮ್‌ನಲ್ಲಿ ಮತ್ತೆ ಸಿಗಲ್ಲ ಅನ್ನೋ ಬಗ್ ಇದೆ, ಇದು ಅಸಲಿ ಕಾರ್ಟ್ರಿಜ್‌ನಲ್ಲೂ ಇರೋದೇ, ಅದಕ್ಕೆ ಯಾರನ್ನ ಬ್ಲಾಕ್ ಮಾಡ್ಲಿ. ಸದ್ಯ ಮೌಂಟ್ ಮೂನ್‌ನಲ್ಲಿ ಬಾವಲಿ ತರದ ಝೂಬ್ಯಾಟ್‌ಗಳ ಕೈಲಿ ಕಚ್ಚಿಸ್ಕೊಂತಾ ಇದೀನಿ. ರೈವಲ್‌ಗೆ ಹೆಸರಿಡೋಕೆ ಗೇಮ್ ಏಳೇ ಅಕ್ಷರ ಕೊಡುತ್ತೆ, ಬ್ಯಾಟರಿ ಅಂತ ಇಂಗ್ಲಿಷಲ್ಲಿ ಬರೆದ್ರೆ ಸರಿಯಾಗಿ ಏಳು.