ಗ್ನೂಕ್ಯಾಶ್ ಜತೆ ಏಳು ವರ್ಷ: ನನ್ನ ಏಪ್ರಿಲ್ 1 ಜಾಗ ಬಿಟ್ಟು ಕದಲಿಲ್ಲ

ಶಿರಸಿಯ ನಮ್ಮ ಸ್ಟೇಷನರಿ ಅಂಗಡಿಯ ಜಮಾಖರ್ಚನ್ನು ಏಳು ವರ್ಷಗಳಿಂದ ಗ್ನೂಕ್ಯಾಶ್‌ನಲ್ಲಿ ಬರೆಯುತ್ತಿದ್ದೇನೆ. ಉಚಿತ ತಂತ್ರಾಂಶ; ಅಂದಚಂದ ಕೇಳಬೇಡಿ. ಆದರೆ ತಾರೀಖಿನ ವಿಷಯದಲ್ಲಿ ಹಳೆಯ ಕಾಲದ ಗುಮಾಸ್ತರಷ್ಟೇ ಕಟ್ಟುನಿಟ್ಟು.

ಇದಕ್ಕೆ ಮೊದಲು ಬಳಸುತ್ತಿದ್ದ ತಂತ್ರಾಂಶಕ್ಕೆ (ಹೆಸರು ಬೇಡ) ವರ್ಷವೆಂದರೆ ಎರಡೇ ಅಂಕಿ. ಸಾಲದ ಕೊನೆಯ ಕಂತಿಗೆ 31 ಎಂದು ಬರೆದರೆ ಅದು 1931 ಎಂದು ಓದಿಕೊಂಡಿತು. ನಾನು ಪಡೆದ ಸಾಲವನ್ನು ಅಜ್ಜನೇ ತೀರಿಸಿಬಿಟ್ಟಂತಾಯಿತು!

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಒಮ್ಮೆ ನನ್ನ ಕಡತವನ್ನು ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದಳು. ಒಂದು ತಾರೀಖೂ ಹಿಂದೆ ಮುಂದೆ ಆಗಿರಲಿಲ್ಲ. ಕುತೂಹಲಕ್ಕೆ ಕಡತವನ್ನು ಕುಗ್ಗಿಸದೆ ಉಳಿಸಿ, ಪಠ್ಯವಾಗಿ ತೆರೆದು ನೋಡಿದೆ. ಪ್ರತಿ ನಮೂದಿನಲ್ಲೂ 2024-04-01 10:59:00 +0000 ಎಂಬಂಥ ಸಾಲು. ಬೆಳಿಗ್ಗೆ ಬರೆದದ್ದಕ್ಕೂ ರಾತ್ರಿ ಬರೆದದ್ದಕ್ಕೂ ಅದೇ 10:59, ಅದೂ ಗ್ರೀನ್‌ವಿಚ್ ಲೆಕ್ಕದಲ್ಲಿ. ಆ ಹೊತ್ತಿಗೆ ನಮ್ಮಲ್ಲಿ ಸಂಜೆ 4:29, ಹವಾಯಿಯಲ್ಲಿ ನಡುರಾತ್ರಿ ಕಳೆದು 59 ನಿಮಿಷ, ಬೇಸಿಗೆಯ ನ್ಯೂಜಿಲೆಂಡಿನಲ್ಲಿ ರಾತ್ರಿ 11:59. ಈ ಮೂರೂ ಕಡೆ ಅದೇ ದಿನ! ಬದಲಿಗೆ ನಮ್ಮ ನಡುರಾತ್ರಿಯ ಹೊತ್ತನ್ನು ಬರೆದಿಟ್ಟಿದ್ದರೆ ಏಪ್ರಿಲ್ 1ರ ಖರೀದಿ ಮಗಳ ಪರದೆಯಲ್ಲಿ ಮಾರ್ಚ್ 31ಕ್ಕೆ ಜಾರಿ, ಹಿಂದಿನ ಆರ್ಥಿಕ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಇದನ್ನು ಯೋಚಿಸಿದವರಿಗೆ ಒಂದು ಲೋಟ ಕಷಾಯ ನನ್ನ ಲೆಕ್ಕದಲ್ಲಿ.

ಒಮ್ಮೆ ಎಡವಿದ್ದುಂಟು, ತಪ್ಪು ನನ್ನದೇ. ಜನವರಿಯಲ್ಲಿ ಹಳೆಯ ಬಿಲ್ಲುಗಳನ್ನು ಏರಿಸುವಾಗ ವರ್ಷ ಬಿಟ್ಟು ಬರೀ 28-12 ಎಂದು ಒತ್ತುತ್ತಾ ಹೋದೆ. ಎಲ್ಲವೂ ಮುಂದೆ ಬರುವ ಡಿಸೆಂಬರಿನಲ್ಲಿ ಹೋಗಿ ಕುಳಿತವು. ವರ್ಷ ಬರೆಯದಿದ್ದರೆ ಚಾಲ್ತಿ ವರ್ಷವನ್ನೇ ಹಿಡಿಯಬೇಕೋ, ಕೆಲವು ತಿಂಗಳು ಹಿಂದಿನಿಂದ ಶುರುವಾಗುವ ಹನ್ನೆರಡು ತಿಂಗಳೊಳಗೆ ಹುಡುಕಬೇಕೋ ಎಂಬ ಆಯ್ಕೆ ಆದ್ಯತೆಗಳ (Preferences) ಪಟ್ಟಿಯಲ್ಲಿದೆ. ಎರಡನೆಯದನ್ನು ಆರಿಸಿ, ಆರು ತಿಂಗಳು ಎಂದು ಕೊಟ್ಟ ಮೇಲೆ ಆ ಪಜೀತಿ ತಪ್ಪಿತು. ಹೊಸಬರು ಮೊದಲ ದಿನವೇ ಇದನ್ನು ಮಾಡಿಕೊಳ್ಳಿ.

2038ರ ಭಯವೂ ಇಲ್ಲ. 1970ರಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ (0 ಅಥವಾ 1 ಹಿಡಿಸುವ 32 ಮನೆಗಳಲ್ಲಿ) ಎಣಿಸುವ ವ್ಯವಸ್ಥೆಗಳಿಗೆ ಆ ವರ್ಷದ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8:44ಕ್ಕೆ, ಅಂಕಿ ಮುಗಿದುಹೋಗುತ್ತದೆ. ಗ್ನೂಕ್ಯಾಶ್ 64 ಬಿಟ್ ಬಳಸುತ್ತದೆ. ನನ್ನ ಮನೆಸಾಲದ ಕೊನೆಯ ಕಂತು 2041ರಲ್ಲಿ, ಅದನ್ನೂ ತಕರಾರಿಲ್ಲದೆ ಬರೆದುಕೊಂಡಿದೆ.

ಕೊರತೆ ಇಲ್ಲವೆಂದಲ್ಲ. ಜಿಎಸ್‌ಟಿ ರಿಟರ್ನ್‌ಗೆ ಇದನ್ನು ನಂಬಿ ಕೂರಬೇಡಿ, ಆ ಕೆಲಸ ನಮ್ಮ ಲೆಕ್ಕಪರಿಶೋಧಕರದ್ದು. ಅಲ್ಲದೆ ಇದಕ್ಕೆ ವರ್ಷವೆಂದರೆ ಜನವರಿಯಿಂದ ಡಿಸೆಂಬರ್. ನಮ್ಮ ಏಪ್ರಿಲ್–ಮಾರ್ಚ್ ಬೇಕೆಂದರೆ ಅವಧಿಯ ಮೊದಲ, ಕೊನೆಯ ದಿನಗಳನ್ನು ಪ್ರತಿ ವರ್ಷ ಕೈಯಾರೆ ತುಂಬಬೇಕು. ಐದಕ್ಕೆ ನಾಲ್ಕು ಅಂಕ. ಉಳಿದ ಒಂದನ್ನು ಪ್ರತಿ ಏಪ್ರಿಲ್‌ನಲ್ಲಿ ಆ ಎರಡು ತಾರೀಖು ತಿದ್ದುತ್ತಾ ಕೂರುವಾಗ ಕಡಿತ ಮಾಡಿಕೊಳ್ಳುತ್ತೇನೆ.