ಗರಿ ದಿಂಬಿಗೆ ಉಣ್ಣೆ ಬಟ್ಟೆಯ ಲಿಕ್ವಿಡ್: ಕೊಳೆಗೆ ಸೈ, ವಾಸನೆಗೆ ಅರ್ಧ ಮದ್ದು

ಸ್ವೆಟರ್, ಶಾಲು ಒಗೆಯಲು ತರುವ ಈಜಿಯಂಥ ಲಿಕ್ವಿಡ್ ಗರಿ ದಿಂಬಿಗೂ ಒಗ್ಗುತ್ತದೆ. ಬಾತುಕೋಳಿಯ ಗರಿಯಾಗಲಿ ಕುರಿಯ ಉಣ್ಣೆಯಾಗಲಿ, ಎರಡೂ ಕೆರಾಟಿನ್ ಎಂಬ ಪ್ರೋಟೀನೇ. ದಿನಬಳಕೆಯ ಡಿಟರ್ಜೆಂಟ್ ಪುಡಿಯಲ್ಲಿ ಕ್ಷಾರ ಜಾಸ್ತಿ. ಕಲೆ ತೆಗೆಯಲೆಂದು, ಪ್ರೋಟೀನನ್ನು ಒಡೆಯುವ ಪ್ರೋಟಿಯೇಸ್ ಎಂಜೈಮ್ ಸೇರಿಸಿದ್ದರಂತೂ ಅದು ಗರಿಯನ್ನೂ ಸವೆಸುತ್ತದೆ. ಬ್ಲೀಚ್ ಹತ್ತಿರಕ್ಕೂ ತರಬೇಡಿ. ಯಾವ ಬಾಟಲಿ ಕೊಂಡರೂ ಲೇಬಲ್‌ನಲ್ಲಿ ‘ಉಣ್ಣೆಗೆ’ ಎಂದಿರಲಿ, ಎಂಜೈಮ್ ಇಲ್ಲದಿರಲಿ.

ನೀರಿಗೆ ಹಾಕುವ ಮುಂಚೆ ದಿಂಬಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿ. ಒಂದಿಂಚು ಬಿಚ್ಚಿದ್ದರೂ ಮೆಷಿನ್ ತುಂಬ ಪುಕ್ಕ. ಫ್ರಂಟ್ ಲೋಡ್‌ನಲ್ಲಿ ಎರಡು ದಿಂಬು ಒಟ್ಟಿಗೆ ಹಾಕಿ. ಒಂದೇ ಆದರೆ ಡ್ರಮ್ಮಿನ ತೂಕ ಒಂದು ಕಡೆ ವಾಲಿ ಸ್ಪಿನ್ ನಿಂತುಬಿಡುತ್ತದೆ. ಲಿಕ್ವಿಡ್ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಮಿ.ಲೀ. ಸಾಕು. 30 ಡಿಗ್ರಿ, ಜೆಂಟಲ್ ಸೈಕಲ್, ಕೊನೆಗೆ ಎರಡು ಹೆಚ್ಚುವರಿ ರಿನ್ಸ್. ಗರಿಯ ನಡುವೆ ಸಿಕ್ಕಿಕೊಂಡ ನೊರೆ ಬೇಗ ಬಿಡದು, ಉಳಿದರೆ ಗರಿ ಅಂಟಿಕೊಳ್ಳುತ್ತದೆ. ಸಾಫ್ಟ್‌ನರ್ ಕೂಡ ಅದೇ ಕಿತಾಪತಿ ಮಾಡುತ್ತದೆ. ಟಬ್ಬಿನಲ್ಲಿ ಕೈಯಿಂದ ಒಗೆಯುವವರು ದಿಂಬನ್ನು ಅದುಮಿ ಗಾಳಿ ಹೊರಹಾಕಬೇಕು, ಇಲ್ಲವಾದರೆ ತೇಲುತ್ತಲೇ ಇರುತ್ತದೆ. ಹಿಂಡಬೇಡಿ, ಎರಡು ದಪ್ಪ ಟವೆಲ್ಲಿನ ನಡುವೆ ಇಟ್ಟು ಒತ್ತಿ.

ಇಲ್ಲಿಯವರೆಗೆ ಲಿಕ್ವಿಡ್‌ಗೆ ಒಳ್ಳೆಯ ಅಂಕವೇ. ಬೆವರಿನ ಜಿಡ್ಡು ಹೋಗುತ್ತದೆ. ಆದರೆ ಮುಗ್ಗಲು ವಾಸನೆ ಹೋಗುವುದು ಒಣಗಿಸುವುದರಲ್ಲಿ, ಹೆಚ್ಚಿನವರು ಎಡವುವುದೂ ಅಲ್ಲೇ. ಇಂಥ ಲಿಕ್ವಿಡ್‌ಗಳ ಪರಿಮಳವನ್ನು ನಂಬಿ ಅರೆ ಒಣಗಿದ ದಿಂಬಿಗೆ ಕವರ್ ಏರಿಸಿದರೆ, ವಾರದೊಳಗೆ ಒಳಗೆ ಬೂಷ್ಟು.

ಡ್ರೈಯರ್ ಇದ್ದರೆ ಕಡಿಮೆ ಶಾಖ, ಜೊತೆಗೆ ಗರಿ ಉಂಡೆಗಟ್ಟದಂತೆ ಬಡಿಯಲು ಎರಡು ಮೂರು ಶುಭ್ರವಾದ ಟೆನಿಸ್ ಚೆಂಡು. ಸೆನ್ಸರ್ ಮೋಡ್ ಬೇಡ, ಟೈಮರ್ ಇಡಿ. ಹೊರಬಟ್ಟೆ ಬೇಗ ಒಣಗುವುದರಿಂದ ಸೆನ್ಸರ್ ಮೋಸಹೋಗುತ್ತದೆ, ಒಳಗಿನ ಗರಿ ಇನ್ನೂ ಹಸಿಯೇ ಇರುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು, ಮೂಲೆಗಳಲ್ಲಿ ಕಟ್ಟಿದ ಉಂಡೆಗಳನ್ನು ಬೆರಳಿಂದ ಹಿಸುಕಿ ಬಿಡಿಸಿ. ಮೂರು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಡ್ರೈಯರ್ ಇಲ್ಲದವರು ಸ್ಟ್ಯಾಂಡಿನ ಮೇಲೆ ಮಲಗಿಸಿ, ಹಗಲು ಬಿಸಿಲು, ರಾತ್ರಿ ಫ್ಯಾನ್ ಎಂದು ಎರಡು ಮೂರು ದಿನ ಮಗುಚುತ್ತಿರಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಸಾಹಸಕ್ಕೇ ಕೈಹಾಕಬೇಡಿ.

ಒಣಗಿದೆಯೇ ಎಂದು ತಿಳಿಯಲು ಮುಟ್ಟಿ ನೋಡಿದರೆ ಸಾಲದು. ಒಗೆಯುವ ಮುಂಚೆಯೇ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ದಿಂಬನ್ನು ತೂಗಿ ಬರೆದಿಡಿ. 50 ಗ್ರಾಂ ಹೆಚ್ಚಿದ್ದರೂ ಅದು ನೀರೇ.

ಒದ್ದೆ ಗರಿಗೆ ಕೋಳಿಗೂಡಿನ ವಾಸನೆ ಬರುವುದು ಸಹಜ, ಒಣಗಿದಂತೆ ಅದು ಇಳಿಯುತ್ತದೆ. ತೂಕ ಮೊದಲಿನಷ್ಟಕ್ಕೇ ಬಂದ ಮೇಲೂ ನಾರುತ್ತಿದ್ದರೆ ಇನ್ನೊಮ್ಮೆ ಒಗೆಯಬಹುದು. ಆಮೇಲೂ ಉಳಿದರೆ ಎಸೆಯುವುದೇ ಸರಿ. ಅಡುಗೆ ಸೋಡಾ ಉದುರಿಸುವ ಉಪಾಯ ಹೊರಬಟ್ಟೆಯ ವಾಸನೆಗಷ್ಟೇ. ಗರಿ ಹೊರಬರದಂತೆ ಒತ್ತಾಗಿ ನೇಯ್ದ ಬಟ್ಟೆ ಸೋಡಾವನ್ನೂ ಒಳಬಿಡದು.

ಮನೆಯಲ್ಲಿರುವುದು ಬೂರುಗದ ಹತ್ತಿಯ ದಿಂಬಾದರೆ ಈ ಲಿಕ್ವಿಡ್ ಕೊಳ್ಳಬೇಡಿ. ಅದಕ್ಕೆ ನೀರು ಸೋಕಿದರೆ ಗಡ್ಡೆಗಟ್ಟುತ್ತದೆ. ಒಳ್ಳೆಯ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಸಾಕು.