ಹುಬ್ಬಳ್ಳಿ ಬಸ್ಸನ್ನು ಸಿಗ್ನಲ್ ಹಿಂದೆ ಹಾಕಿದ್ದು ಯಾವಾಗ: ಒಂದೇ ನಂಬರಿನ ಹದಿನೆಂಟು ವರ್ಷಗಳ ಅನುಭವ

2007ರ ಮಳೆಗಾಲ ಕಳೆದ ಮೇಲೆ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡ ಸಿಮ್‌ನ ನಂಬರನ್ನೇ ನಾನು ಇಂದಿಗೂ ಬಳಸುತ್ತಿದ್ದೇನೆ. ಈ ನಡುವೆ ಕಂಪನಿಯನ್ನು ಎರಡು ಸಲ ಬದಲಾಯಿಸಿದ್ದೇನೆ. ಆದರೂ ನಂಬರು ಉಳಿದದ್ದು 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಗೆ ಬಂದ ನಂಬರ್ ಪೋರ್ಟಬಿಲಿಟಿಯಿಂದ. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ವಿಮರ್ಶೆಯಾಗಿರದೆ, ಎರಡನೆಯ ತಲೆಮಾರಿನ 2ಜಿಯಿಂದ ಐದನೆಯ ತಲೆಮಾರಿನ 5ಜಿಯವರೆಗಿನ ಮೊಬೈಲ್ ಸೇವೆ ಘಟ್ಟದ ಅಂಚಿನ ಒಂದು ಮನೆಗೆ ನಿಜವಾಗಿ ಏನು ತಲುಪಿಸಿತು ಎಂಬುದರ ವಿಮರ್ಶೆಯಾಗಿದೆ.

ನಾನು ಪುಸ್ತಕಗಳಿಗೆ ಪುಟವಿನ್ಯಾಸ ಮಾಡುವವನು. ಮನೆ ಇರುವುದು ಶಿರಸಿ ತಾಲೂಕಿನಲ್ಲಿ, ಕುಮಟಾ ರಸ್ತೆ ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು, ಡಾಂಬರು ಬಿಟ್ಟು ಮೂರು ಕಿಲೋಮೀಟರ್ ಒಳಗೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ಅಂಚಿನಲ್ಲಿ. ಪುಸ್ತಕ ಅಚ್ಚಾಗುವುದು ಹುಬ್ಬಳ್ಳಿಯಲ್ಲಿ. ಸಿದ್ಧವಾದ ಪುಟಗಳನ್ನು ಅಲ್ಲಿಗೆ ತಲುಪಿಸುವುದೇ ನನ್ನ ಕೆಲಸದ ಕೊನೆಯ ಹಂತವಾದ್ದರಿಂದ, ಸಿನಿಮಾ ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕಿಂತ ಫೈಲು ಎಷ್ಟು ಬೇಗ ಹೋಗುತ್ತದೆ ಎಂಬುದು ನನಗೆ ಮುಖ್ಯ. ಜಾಹೀರಾತುಗಳಲ್ಲಿ ಯಾವಾಗಲೂ ಇಳಿಕೆಯ ವೇಗವನ್ನೇ ಬರೆಯುತ್ತಾರೆ. ಕಳಿಸುವ ವೇಗ ಅದರ ಕಾಲುಭಾಗವೂ ಇರಬಹುದು, ಹತ್ತನೆಯ ಒಂದು ಭಾಗವೂ ಇರಬಹುದು ಎಂಬುದನ್ನು ಕೆಲಸ ಕೆಟ್ಟಾಗಲೇ ತಿಳಿದುಕೊಳ್ಳಬೇಕಾಗುತ್ತದೆ.

ಆರಂಭದ ವರ್ಷಗಳಲ್ಲಿ ನಾನು ಪುಟಗಳನ್ನು ಸಿಡಿಗೆ ಹಾಕಿ, ದಪ್ಪ ರಟ್ಟಿನ ನಡುವೆ ಇಟ್ಟು ಹೊಲಿದು, ಶಿರಸಿ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿನ ಪರಿಚಯದ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಮುದ್ರಣಾಲಯದ ಹುಡುಗ ಅಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದ. ಒಂದು ಸಿಡಿಯಲ್ಲಿ 700 ಎಂಬಿ ಹಿಡಿಯುತ್ತದೆ, ಬಸ್ಸು ಸುಮಾರು ಮೂರು ಗಂಟೆಗೆ ತಲುಪುತ್ತದೆ. ಒಂದು ಬೈಟಿಗೆ ಎಂಟು ಬಿಟ್‌ನಂತೆ ಭಾಗಿಸಿ ನೋಡಿದರೆ ಆ ಬಸ್ಸಿನ ವೇಗ ಸೆಕೆಂಡಿಗೆ ಸರಿಸುಮಾರು 500 ಕಿಲೋಬಿಟ್. ಮೊಬೈಲ್ ಸೇವೆಯನ್ನು ನಾನು ಇಷ್ಟು ವರ್ಷ ಹೋಲಿಸಿ ನೋಡಿದ್ದು ಈ ಲೆಕ್ಕದ ಜೊತೆಗೇ.

2ಜಿ ಎಂದರೆ ಮಾತಿಗಾಗಿ ಕಟ್ಟಿದ ವ್ಯವಸ್ಥೆ. ಅದರ ಮುಖ್ಯ ವಿಧಾನವಾದ ಜಿಎಸ್ಎಂನಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ತರಂಗವಾಹಿನಿಯನ್ನು ಎಂಟು ಸಮಯದ ತುಂಡುಗಳಾಗಿ ಕತ್ತರಿಸಿ, ಒಂದೊಂದು ಕರೆಗೆ ಒಂದೊಂದು ತುಂಡನ್ನು ಕೊಡುತ್ತಾರೆ. ಯಾರೂ ಮಾತನಾಡದೆ ಖಾಲಿ ಉಳಿದ ತುಂಡುಗಳಲ್ಲಿ ಡೇಟಾ ಸಾಗಿಸುವ ಉಪಾಯವೇ ಜಿಪಿಆರ್‌ಎಸ್. ಸಾಧಾರಣ ಸಿಗ್ನಲ್‌ನಲ್ಲಿ ತುಂಡೊಂದಕ್ಕೆ ಸೆಕೆಂಡಿಗೆ 13.4 ಕಿಲೋಬಿಟ್ ಸಿಗುತ್ತಿತ್ತು; ನನ್ನ ಫೋನು ಇಳಿಸಿಕೊಳ್ಳಲು ನಾಲ್ಕು ತುಂಡು ಬಳಸಬಲ್ಲದಾದರೂ ಕಳಿಸಲು ಎರಡನ್ನೇ ಬಳಸಬಹುದಾಗಿತ್ತು. ಅಂದರೆ ಒಂದು ಎಂಬಿ ಕಳಿಸಲು ಐದು ನಿಮಿಷಕ್ಕೂ ಹೆಚ್ಚು. ಅದರ ಮೇಲೆ 10 ಕೆಬಿಗೆ 10 ಪೈಸೆಯ ದರ, ಎಂದರೆ ಎಂಬಿಗೆ ಹತ್ತು ರೂಪಾಯಿ. ನಡುವೆ ಯಾರಾದರೂ ಫೋನ್ ಮಾಡಿದರೆ ಡೇಟಾ ನಿಂತು, ಮೇಲ್ ಕೆಟ್ಟು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಅದೂ ಮನೆಯಲ್ಲಿ ಕೂತು ಮಾಡುವ ಕೆಲಸವಾಗಿರಲಿಲ್ಲ; ಸಿಗ್ನಲ್ ಇದ್ದದ್ದು ಮನೆಯ ಹಿಂದಿನ ಬೆಟ್ಟದ ಮೇಲೆ, ಅರ್ಧ ತಾಸಿನ ದಾರಿ. ಲ್ಯಾಪ್‌ಟಾಪ್ ಹೊತ್ತು ಹತ್ತಿ, ಮುಖಪುಟದ ಸಣ್ಣ ಚಿತ್ರವೊಂದನ್ನು ಒಪ್ಪಿಗೆಗೆಂದು ಕಳಿಸಿ ಇಳಿದು ಬಂದ ದಿನಗಳು ಅವು. ಮುಂದೆ ಬಂದ ಎಡ್ಜ್, ಅದೇ ವಾಹಿನಿ, ಅದೇ ತುಂಡುಗಳನ್ನು ಇಟ್ಟುಕೊಂಡು, ಪ್ರತಿ ಸಂಕೇತದಲ್ಲಿ ಒಂದು ಬಿಟ್ ಬದಲು ಮೂರು ಬಿಟ್ ತುಂಬಿಸುವ ವಿಧಾನವನ್ನು ತಂದಿತು. ತುಂಡಿಗೆ ಗರಿಷ್ಠ 59.2 ಕಿಲೋಬಿಟ್ ಎಂದು ಲೆಕ್ಕ. ಆದರೆ ಹೀಗೆ ಒತ್ತಿ ತುಂಬಿದ ಸಂಕೇತವನ್ನು ಬಿಡಿಸಿ ಓದಲು ಶುಭ್ರವಾದ ಸಿಗ್ನಲ್ ಬೇಕು. ದುರ್ಬಲ ಸಿಗ್ನಲ್‌ನಲ್ಲಿ ಅದು ತಾನಾಗಿಯೇ ಹಳೆಯ ವಿಧಾನಕ್ಕೆ ಇಳಿಯುತ್ತದೆ. ನಮ್ಮ ಬೆಟ್ಟದ ಮೇಲೆ ಆಗುತ್ತಿದ್ದದ್ದು ಅದೇ. ಬಸ್ಸು ಬಹಳ ಮುಂದಿತ್ತು.

2010ರ ಹರಾಜಿನ ನಂತರ ಖಾಸಗಿ ಕಂಪನಿಗಳ 3ಜಿ ಬಂದಿತು. ನಮ್ಮ ಹಳ್ಳಿಗೆ ಅದು ಬರಲೇ ಇಲ್ಲ. 3ಜಿ ನಡೆಯುತ್ತಿದ್ದದ್ದು ಮುಖ್ಯವಾಗಿ 2100 ಮೆಗಾಹರ್ಟ್ಸ್‌ನಲ್ಲಿ. ಕಂಪನಾಂಕ ಏರಿದಷ್ಟೂ ತರಂಗ ಗುಡ್ಡದ ಬಾಗು ದಾಟಿ ಕಣಿವೆಗೆ ಇಳಿಯುವುದು ಕಷ್ಟ. ಶಿರಸಿ ಪೇಟೆಗೆ ಹೋಗಿ, ಸ್ನೇಹಿತನೊಬ್ಬನ ಅಂಗಡಿಯ ಮಾಳಿಗೆಯಲ್ಲಿ ಡೋಂಗಲ್ ಚುಚ್ಚಿಕೊಂಡು ಕೂತರೆ ಮಾತ್ರ ಅದರ ಗುಣ ಕಾಣುತ್ತಿತ್ತು. 200 ಕಿಲೋಹರ್ಟ್ಸ್ ಬದಲು 5 ಮೆಗಾಹರ್ಟ್ಸ್ ಅಗಲದ ವಾಹಿನಿ, ಎಲ್ಲರೂ ಏಕಕಾಲಕ್ಕೆ ಅದೇ ವಾಹಿನಿಯಲ್ಲಿ ಬೇರೆ ಬೇರೆ ಸಂಕೇತಗಳಿಂದ ಮಾತನಾಡುವ ಏರ್ಪಾಡು. ಬೆಳಗಿನ ಹೊತ್ತು ಸೆಕೆಂಡಿಗೆ ಒಂದು ಮೆಗಾಬಿಟ್‌ನಷ್ಟು ವೇಗದಲ್ಲಿ ಫೈಲು ಹೋದದ್ದನ್ನು ಮೊದಲ ಸಲ ನೋಡಿದಾಗ, ಬಸ್ಸು ಹಿಂದೆ ಬಿತ್ತು ಎಂದು ನಾನು ಮುದ್ರಣಾಲಯಕ್ಕೆ ಫೋನ್ ಮಾಡಿ ಹೇಳಿದ್ದೆ. ಆದರೆ ಆ ಏರ್ಪಾಡಿನಲ್ಲೇ ಒಂದು ದೌರ್ಬಲ್ಯವಿತ್ತು. ಒಬ್ಬರ ಸಂಕೇತ ಇನ್ನೊಬ್ಬರಿಗೆ ಗದ್ದಲವಾಗುವುದರಿಂದ, ಬಳಸುವವರು ಹೆಚ್ಚಿದಂತೆ ಟವರಿನ ವ್ಯಾಪ್ತಿಯೇ ಕುಗ್ಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ, ಫೋನಿನಲ್ಲಿ ಕಡ್ಡಿಗಳಿದ್ದರೂ ಒಂದು ಪುಟವೂ ಹೋಗದೆ, ಜನಸಂದಣಿಯ ನಡುವೆ ದಾರಿ ಮಾಡಿಕೊಂಡು ಮತ್ತೆ ಸಿಡಿಯನ್ನೇ ಬಸ್ಸಿಗೆ ಹಾಕಿದ್ದುಂಟು.

4ಜಿಯ ಬಗ್ಗೆ ನಾನು ಹೆಚ್ಚು ಬರೆಯಬೇಕು, ಏಕೆಂದರೆ ನನ್ನ ಕೆಲಸವನ್ನು ಮನೆಗೆ ತಂದುಕೊಟ್ಟದ್ದು ಅದು. ಭಾರತದಲ್ಲಿ ಮೊದಲ 4ಜಿ ಸೇವೆ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಏರ್‌ಟೆಲ್‌ನಿಂದ ಆರಂಭವಾಗಿತ್ತಾದರೂ, ಅದು ಸಾಮಾನ್ಯರ ಕೈಗೆ ಬಂದದ್ದು 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾದ ಮೇಲೆ. ಅದಕ್ಕೂ ಮೊದಲು ನಾನು ತಿಂಗಳಿಗೆ ಒಂದು ಜಿಬಿಗೆಂದು ಸುಮಾರು 250 ರೂಪಾಯಿ ಕೊಡುತ್ತಿದ್ದೆ. ಅಷ್ಟೇ ಹಣಕ್ಕೆ ದಿನಕ್ಕೊಂದು ಜಿಬಿ ಸಿಗುವಂತಾಯಿತು. ತಂತ್ರಜ್ಞಾನದ ದೃಷ್ಟಿಯಿಂದಲೂ 4ಜಿ ನಮ್ಮಂಥ ಗುಡ್ಡಗಾಡಿಗೆ ಒಗ್ಗುವಂಥದ್ದು. 20 ಮೆಗಾಹರ್ಟ್ಸ್ ಅಗಲದ ವಾಹಿನಿಯನ್ನು 15 ಕಿಲೋಹರ್ಟ್ಸ್‌ನ 1200 ಸಣ್ಣ ದಾರಿಗಳಾಗಿ ಸೀಳಿ, ಪ್ರತಿಯೊಂದರಲ್ಲೂ ನಿಧಾನವಾಗಿ, ಆದರೆ ಏಕಕಾಲಕ್ಕೆ ಡೇಟಾ ಕಳಿಸುತ್ತಾರೆ. ನಿಧಾನವಾಗಿರುವುದರಿಂದ ಎರಡು ಸಂಕೇತಗಳ ನಡುವೆ ಸ್ವಲ್ಪ ಬಿಡುವು ಇಡಲು ಸಾಧ್ಯ, ಸುಮಾರು 4.7 ಮೈಕ್ರೋಸೆಕೆಂಡಿನಷ್ಟು. ಆ ಬಿಡುವಿನೊಳಗೆ, ಗುಡ್ಡಕ್ಕೆ ಬಡಿದು ಒಂದು ಕಿಲೋಮೀಟರಿಗೂ ಹೆಚ್ಚು ಸುತ್ತಿ ತಡವಾಗಿ ಬರುವ ಪ್ರತಿಧ್ವನಿಯೂ ಅಡಗಿಹೋಗಿ ಮುಂದಿನ ಸಂಕೇತವನ್ನು ಕೆಡಿಸುವುದಿಲ್ಲ. ಎರಡೆರಡು ಆಂಟೆನಾ ಇರುವಲ್ಲಿ ಬೇರೆ ಬೇರೆ ದಾರಿಯಿಂದ ಬಂದ ತರಂಗಗಳನ್ನೇ ಬೇರೆ ಬೇರೆ ಡೇಟಾ ಹೊರಲು ಬಳಸಿಕೊಳ್ಳುತ್ತಾರೆ. ಈ ಬಗೆಯ ಫೋನಿಗೆ ಕಾಗದದ ಮೇಲಿನ ಗರಿಷ್ಠ ವೇಗ ಇಳಿಸಿಕೊಳ್ಳಲು 150, ಕಳಿಸಲು 50 ಮೆಗಾಬಿಟ್.

ಮನೆಯಲ್ಲಿ ನನಗೆ ಅದರ ಹತ್ತನೆಯ ಒಂದು ಭಾಗ ಸಿಕ್ಕಿದ್ದರೂ ಸಂತೋಷವಾಗುತ್ತಿತ್ತು. 2019ರಲ್ಲಿ ಎದುರಿನ ಗುಡ್ಡದ ಮೇಲೆ ಟವರ್ ಎದ್ದು ಫೋನಿನಲ್ಲಿ 4ಜಿ ಎಂದು ಬಂತು, ನಾಲ್ಕು ಕಡ್ಡಿ ಸಿಗ್ನಲ್, ಆದರೆ ಸಂಜೆಯ ಹೊತ್ತಿಗೆ ಹಳೆಯ ಎಡ್ಜ್‌ಗಿಂತ ಕಡೆ. ಗ್ರಾಹಕ ಸೇವೆಗೆ ಹನ್ನೊಂದು ಸಲ ದೂರು ಕೊಟ್ಟೆ. ಪ್ರತಿ ಸಲವೂ ‘ನಿಮ್ಮ ಪ್ರದೇಶದಲ್ಲಿ ಸಿಗ್ನಲ್ ಉತ್ತಮವಾಗಿದೆ’ ಎಂಬ ಸಂದೇಶ ಬಂದು ದೂರು ಮುಚ್ಚಿಹೋಗುತ್ತಿತ್ತು. ಕೊನೆಗೆ ಟವರಿನ ಜನರೇಟರಿಗೆ ಡೀಸೆಲ್ ಹಾಕಲು ಬಂದಿದ್ದ ಹುಡುಗ ನಮ್ಮ ಜಗಲಿಯಲ್ಲಿ ಕೂತು, ಆಯಿ ಕೊಟ್ಟ ಮಜ್ಜಿಗೆ ಕುಡಿಯುತ್ತ ವಿಷಯ ಬಿಡಿಸಿ ಹೇಳಿದ: ‘ಅಣ್ಣಾ, ಟವರಿಂದ ನಿಮ್ಮನೆಗೆ ಬರೋದು ಸರಿ ಇದೆ. ಟವರಿಗೆ ಬರೋದೇ ಕಮ್ಮಿ. ಆಚೆ ಗುಡ್ಡದ ಡಿಶ್ ಇದ್ಯಲ್ಲ, ಅದರ ಮೇಲೆ ಮೂರು ಟವರ್ ನಡೀತಿದೆ.’ ಆ ಒಂದು ಮಾತು ಹನ್ನೊಂದು ಸಂದೇಶಗಳಿಗಿಂತ ಹೆಚ್ಚು ಕಲಿಸಿತು. ಫೋನಿನ ಕಡ್ಡಿಗಳು ತೋರಿಸುವುದು ಫೋನಿಗೂ ಟವರಿಗೂ ನಡುವಿನ ಸಂಬಂಧವನ್ನು ಮಾತ್ರ. ಟವರಿನಿಂದ ಮುಂದೆ ಜಾಲಕ್ಕೆ ಹೋಗುವ ಸಂಪರ್ಕದ ಸ್ಥಿತಿ ಅಲ್ಲಿ ಕಾಣುವುದಿಲ್ಲ. 2ಜಿ ಕಾಲದಲ್ಲಿ ಒಂದು ಟವರಿಗೆ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕ ಸಾಕಾಗುತ್ತಿತ್ತು. ಈಗ ಒಂದೇ ಫೋನು ಅಷ್ಟನ್ನೂ ನುಂಗುತ್ತದೆ. ತಲೆಮಾರು ಬದಲಾದಾಗ ಪೆಟ್ಟಿಗೆ, ಆಂಟೆನಾ ಬದಲಾಯಿಸಿ, ಹಿಂದಿನ ಸಂಪರ್ಕವನ್ನು ಹಾಗೇ ಬಿಟ್ಟರೆ 4ಜಿ ಎಂಬ ಹೆಸರಷ್ಟೇ ಊರಿಗೆ ಬಂದಂತೆ.

ಆ ಸ್ಥಿತಿಯಲ್ಲೇ 2020 ಬಂತು. ಮಗಳು ಒಂಬತ್ತನೆಯ ತರಗತಿ. ಜುಲೈ ತಿಂಗಳು, ಶಾಲೆ ಫೋನಿನೊಳಗೆ ಸೇರಿತ್ತು, ಮನೆಯಲ್ಲಿ ವೀಡಿಯೊ ಐದು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಮನೆಯ ಹಿಂದಿನ ಬೆಟ್ಟದ ತಲೆಯಲ್ಲಿ ಇನ್ನೊಂದು ದಿಕ್ಕಿನ ಟವರ್ ಸಿಗುತ್ತಿದ್ದುದರಿಂದ, ನಾಲ್ಕು ಬಿದಿರು ಹುಗಿದು ಮೇಲೆ ತಾಡಪತ್ರಿ ಕಟ್ಟಿದೆವು. ಪಕ್ಕದ ಮನೆಗಳ ಮಕ್ಕಳೂ ಬಂದರು. ಉಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹತ್ತುತ್ತಿದ್ದರು. ಒಬ್ಬ ಹುಡುಗಿ ಫೋನನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೀಲದ ಮೇಲಿನಿಂದಲೇ ಪರದೆಯನ್ನು ಒತ್ತುತ್ತಿದ್ದಳು. ಮಳೆ ಜೋರಾದರೆ ಪಾಠ ಕೇಳಿಸುತ್ತಿರಲಿಲ್ಲ, ತಾಡಪತ್ರಿಯ ಮೇಲಿನ ನೀರಿನ ಸದ್ದು ಮಾತ್ರ. ನಮ್ಮ ಜಿಲ್ಲೆಯ ಎಷ್ಟೋ ಬೆಟ್ಟಗಳ ಮೇಲೆ ಆ ವರ್ಷ ಇಂಥ ಚಪ್ಪರಗಳಿದ್ದವು. ಮೊಬೈಲ್ ವೇಗದ ಬಗ್ಗೆ ನಾನು ಇಷ್ಟು ಪಟ್ಟು ಹಿಡಿದು ಬರೆಯುವುದಕ್ಕೆ ಆ ಚಪ್ಪರವೇ ಕಾರಣ.

2021ರ ಬೇಸಿಗೆಯಲ್ಲಿ ಟವರಿಗೆ ಆ ಡಿಶ್ ಬದಲು ಫೈಬರ್ ಕೇಬಲ್ ಬಂತು. ಟವರು ಅದೇ, ಫೋನು ಅದೇ, ಕಡ್ಡಿಗಳೂ ಅಷ್ಟೇ. ಆದರೆ 60 ಎಂಬಿಯ ಪುಸ್ತಕ ಅರ್ಧ ಗಂಟೆಯ ಬದಲು ಎರಡು ಮೂರು ನಿಮಿಷದಲ್ಲಿ ಹೋಯಿತು. ಈ ಹದಿನೆಂಟು ವರ್ಷಗಳಲ್ಲಿ ನಾನು ಕಂಡ ಅತಿ ದೊಡ್ಡ ಸುಧಾರಣೆ ಅದು; ಅದಕ್ಕೆ ಹೊಸ ತಲೆಮಾರಿನ ಹೆಸರೇನೂ ಇರಲಿಲ್ಲ.

ಕಳಿಸುವ ವೇಗದ ಬಗ್ಗೆ ಇನ್ನೊಂದು ಮಾತು. ಟವರಿನ ಪೆಟ್ಟಿಗೆ ಹತ್ತಾರು ವ್ಯಾಟ್ ಶಕ್ತಿಯಿಂದ ಕೂಗುತ್ತದೆ. 4ಜಿ ಫೋನಿಗೆ ಸಾಮಾನ್ಯವಾಗಿ ಇರುವ ಮಿತಿ 0.2 ವ್ಯಾಟ್. ಅದರ ಕೂಗು ನಮಗೆ ಕೇಳಿಸಿದರೂ ನಮ್ಮ ಪಿಸುಮಾತು ಅದಕ್ಕೆ ಕೇಳಿಸಬೇಕಲ್ಲ. ಅಲ್ಲದೆ 2300 ಮೆಗಾಹರ್ಟ್ಸ್‌ನಂಥ ಕಂಪನಾಂಕದ ಪಟ್ಟಿಗಳಲ್ಲಿ (ಬ್ಯಾಂಡ್‌ಗಳಲ್ಲಿ) ಕಳಿಸುವುದು, ಇಳಿಸುವುದು ಎರಡೂ ಒಂದೇ ವಾಹಿನಿಯಲ್ಲಿ ಸರದಿಯ ಮೇಲೆ ನಡೆಯುತ್ತವೆ, ಸರದಿಯ ಹೆಚ್ಚಿನ ಪಾಲು ಇಳಿಕೆಗೇ ಹೋಗುತ್ತದೆ. 850, 900, 1800 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಎರಡಕ್ಕೂ ಪ್ರತ್ಯೇಕ, ಸಮಾನ ಅಗಲದ ವಾಹಿನಿಗಳಿವೆ. ಹಾಗಾಗಿ ಫೈಲು ಕಳಿಸುವಾಗ ನಾನು ಫೋನನ್ನು ಅಟ್ಟದ ಪಶ್ಚಿಮದ ಕಿಟಕಿಯಲ್ಲಿಟ್ಟು, 850ರ ಪಟ್ಟಿ ಹಿಡಿದಿದೆಯೇ ಎಂದು ನೋಡಿ, ಹಾಟ್‌ಸ್ಪಾಟ್ ಹಾಕುತ್ತೇನೆ. ಇಳಿಕೆಯ ವೇಗ ಅಲ್ಲಿ ಕಡಿಮೆಯೇ. ಫೈಲು ಮಾತ್ರ ನಿಲ್ಲದೆ ಹೋಗುತ್ತದೆ.

5ಜಿಯನ್ನು 2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಉದ್ಘಾಟಿಸಿದರು. ಮುಂದೆ ಅದು ಶಿರಸಿ ಪೇಟೆಗೂ ಬಂತು. 3300 ಮೆಗಾಹರ್ಟ್ಸ್ ಸುಮಾರಿನ ಪಟ್ಟಿಯಲ್ಲಿ 100 ಮೆಗಾಹರ್ಟ್ಸ್‌ವರೆಗಿನ ಅಗಲ, ಹತ್ತಾರು ಸಣ್ಣ ಆಂಟೆನಾಗಳು ಸೇರಿ ತರಂಗವನ್ನು ಒಬ್ಬೊಬ್ಬರ ದಿಕ್ಕಿಗೆ ಗುರಿಯಿಟ್ಟು ಕಳಿಸುವ ಕ್ರಮ. ಪೇಟೆಯಲ್ಲಿ ಅದು ಅದ್ಭುತವಾಗಿದೆ, ಅನುಮಾನವಿಲ್ಲ. ಕಾರವಾರಕ್ಕೆ ಕೆಲಸದ ಮೇಲೆ ಹೋದಾಗ ಅಲ್ಲಿ ಕಡಲ ದಂಡೆಯ ಹತ್ತಿರ ನಿಂತು ಒಂದು ಜಿಬಿಗೂ ಹೆಚ್ಚಿನ ಚಿತ್ರಗಳನ್ನು ಚಹಾ ಕುಡಿಯುವಷ್ಟರಲ್ಲಿ ಇಳಿಸಿಕೊಂಡಿದ್ದೇನೆ. ಆದರೆ ಆ ತರಂಗಕ್ಕೆ ಒದ್ದೆ ಎಲೆಗಳ ಕಾಡು ಗೋಡೆಯಂತೆ. ಶಿರಸಿಯಿಂದ ಮನೆಯ ದಾರಿಯಲ್ಲಿ ಬೇಗನೇ ಅದು ಬಿಟ್ಟುಹೋಗುತ್ತದೆ. ಮನೆಯಲ್ಲಿ 5ಜಿ ಸಿಗುವುದಿಲ್ಲ. ದೂರ ಹೋಗಬಲ್ಲ 700 ಮೆಗಾಹರ್ಟ್ಸ್ ಪಟ್ಟಿಯೂ 5ಜಿಗಿದೆ, ಅದು ಎದುರಿನ ಗುಡ್ಡಕ್ಕೆ ಬರಬೇಕೆಂಬುದು ನನ್ನ ಬೇಡಿಕೆ.

ಉಳಿದಿರುವ ದೊಡ್ಡ ಕೊರತೆ ವಿದ್ಯುತ್ತಿನದು. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ನಾಲ್ಕೈದು ತಾಸು ನಡೆಯುತ್ತದೆ, ದಾರಿ ಕೆಟ್ಟಿದ್ದರೆ ಡೀಸೆಲ್ ಹಾಕುವ ಹುಡುಗ ಬರಲಾರ, ಆಮೇಲೆ ಎರಡು ದಿನ ನಂಬರೇ ಇಲ್ಲ. ಕಳೆದ ಮಳೆಗಾಲದಲ್ಲಿ ಹೀಗೆ ಮೂರು ಸಲ ಆಯಿತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೂ ನನ್ನ ಕಂಪನಿ ಬ್ಯಾಟರಿಯನ್ನು ಬದಲಾಯಿಸಿಲ್ಲ. ಹೊಸದಾಗಿ ಸಿಮ್ ಕೊಳ್ಳುವ ನಮ್ಮ ಕಡೆಯವರು ಅಂಗಡಿಯಲ್ಲಿ ಎಷ್ಟು ಜಿ ಎಂದು ಕೇಳುವ ಮೊದಲು, ತಮ್ಮ ಊರಿನ ಟವರಿಗೆ ಫೈಬರ್ ಇದೆಯೇ, ಕರೆಂಟು ಹೋದರೆ ಎಷ್ಟು ತಾಸು ನಡೆಯುತ್ತದೆ ಎಂದು ಟವರಿನ ಹತ್ತಿರದ ಮನೆಯವರನ್ನು ವಿಚಾರಿಸಬೇಕು.

ಮೊನ್ನೆ 240 ಎಂಬಿಯ ಒಂದು ಚಿತ್ರಪುಸ್ತಕವನ್ನು ಅಟ್ಟದ ಕಿಟಕಿಯಿಂದ ಕಳಿಸಿದೆ. ಹನ್ನೊಂದು ನಿಮಿಷ ಹಿಡಿಯಿತು. 2007ರ ಫೋನಿನಲ್ಲಾಗಿದ್ದರೆ ಇಪ್ಪತ್ತು ತಾಸಿಗೂ ಹೆಚ್ಚು. ಮುದ್ರಣಾಲಯದಿಂದ ‘ಬಂತು’ ಎಂದು ಫೋನ್ ಬಂದಾಗ, ಪುಟಗಳನ್ನು ತುಂಬಿದ ಪೆನ್‌ಡ್ರೈವನ್ನು ಮೇಜಿನ ಮೇಲಿನಿಂದ ತೆಗೆದು ಒಳಗಿಟ್ಟೆ. ಮಳೆಗಾಲದಲ್ಲಿ ಅದನ್ನು ಈಗಲೂ ಸಿದ್ಧಮಾಡಿ ಇಡುತ್ತೇನೆ, ಬೆಳಗಿನ ಏಳು ಗಂಟೆಯ ಬಸ್ಸಿಗೆ.